ಆರ್‌ವಿ ಸಿಗುತ್ತಾ, ಬಿಎಂಎಸ್ ಸಿಗುತ್ತಾ? ಸೀಟಿನ ಅವಕಾಶವನ್ನು ಮನೆಯಲ್ಲೇ ಲೆಕ್ಕ ಹಾಕುವ ಬಗೆ

ಪಿಯುಸಿ ಫಲಿತಾಂಶ ಬಂದ ವಾರ ನನ್ನಂಥ ಪಿಯು ಮೇಷ್ಟ್ರುಗಳಿಗೆ ಅಪ್ಪ ಅಮ್ಮಂದಿರು ಕೇಳುವುದು ಹೆಚ್ಚುಕಡಿಮೆ ಒಂದೇ ಪ್ರಶ್ನೆ. "ಸಾರ್, ಮಗಳಿಗೆ ಪಿಸಿಎಂನಲ್ಲಿ (ಭೌತಶಾಸ್ತ್ರ, ರಸಾಯನಶಾಸ್ತ್ರ, ಗಣಿತ) 95 ಪರ್ಸೆಂಟ್ ಬಂದಿದೆ. ಆರ್‌ವಿ ಕಾಲೇಜು ಸಿಗುತ್ತಾ?" ಇಷ್ಟೇ ಗೊತ್ತಿದ್ದರೆ ಯಾರೂ ಉತ್ತರ ಹೇಳಲಾರರು. ರಾಜ್ಯದ ಸಾಮಾನ್ಯ ಪ್ರವೇಶ ಪರೀಕ್ಷೆಯಾದ ಸಿಇಟಿಯಲ್ಲಿ ಎಷ್ಟು ಬಂತು, ಕೆಟಗರಿ ಯಾವುದು, ಯಾವ ಬ್ರಾಂಚ್ ಬೇಕು, ಸೀಟು ಹಂಚಿಕೆಯ ಎಷ್ಟನೇ ರೌಂಡ್‌ವರೆಗೆ ಕಾಯಲು ತಯಾರಿದ್ದೀರಿ ಎನ್ನುವುದೂ ಗೊತ್ತಾಗಬೇಕು. ಇವು ನಾಲ್ಕೂ ಗೊತ್ತಾದರೆ ಉತ್ತರವನ್ನು ನೀವೇ ಮನೆಯಲ್ಲಿ ಕೂತು ಹುಡುಕಿಕೊಳ್ಳಬಹುದು. ಇದಕ್ಕೆ ಸಾವಿರಾರು ರೂಪಾಯಿ ಕೊಟ್ಟು ಕನ್ಸಲ್ಟೆಂಟ್ ಹತ್ತಿರ ಹೋಗಬೇಕಾಗಿಲ್ಲ. ಬೇಕಾದ ಅಂಕಿಅಂಶವನ್ನೆಲ್ಲ ಕರ್ನಾಟಕ ಪರೀಕ್ಷಾ ಪ್ರಾಧಿಕಾರ, ಅಂದರೆ ಕೆಇಎ, ತನ್ನ ವೆಬ್‌ಸೈಟ್‌ನಲ್ಲಿ ಪುಕ್ಕಟೆಯಾಗಿ ಹಾಕಿರುತ್ತದೆ.

ಇಲ್ಲಿ ನಾನು ಮುಖ್ಯವಾಗಿ ಹೇಳುತ್ತಿರುವುದು ಎಂಜಿನಿಯರಿಂಗ್ ಬಗ್ಗೆ. ಬೆಂಗಳೂರಿನ ಮನೆಗಳಲ್ಲಿ ಜಾಸ್ತಿ ಗೊಂದಲ ಇರುವುದು ಅಲ್ಲೇ.

ಮೊದಲು: ಯಾವ ಕಾಲೇಜಿಗೆ ಯಾವ ಪರೀಕ್ಷೆ

ಒಂದು ಹಾಳೆ ತೆಗೆದುಕೊಳ್ಳಿ. ಮಗುವಿಗೆ ಇಷ್ಟವಾದ ಕಾಲೇಜುಗಳ ಹೆಸರು ಬರೆಯಿರಿ. ಪ್ರತಿ ಹೆಸರಿನ ಮುಂದೆ ಅಲ್ಲಿಗೆ ಹೋಗುವ ದಾರಿ ಬರೆಯಿರಿ. ಮೈಸೂರು ರಸ್ತೆಯ ಆರ್‌ವಿ, ಬಸವನಗುಡಿಯ ಬಿಎಂಎಸ್, ಎಂ.ಎಸ್. ರಾಮಯ್ಯ ಇಂಥ ಖಾಸಗಿ ಕಾಲೇಜುಗಳಲ್ಲಿ ಒಂದು ಪಾಲು ಸೀಟು ಸಿಇಟಿಯಿಂದ ತುಂಬುತ್ತದೆ. ಇನ್ನೊಂದು ಪಾಲು ಖಾಸಗಿ ಕಾಲೇಜುಗಳ ಒಕ್ಕೂಟದ ಪರೀಕ್ಷೆಯಾದ ಕಾಮೆಡ್‌ಕೆಯಿಂದ, ಉಳಿದದ್ದು ಮ್ಯಾನೇಜ್‌ಮೆಂಟ್‌ನಿಂದ. ಪಿಇಎಸ್ ವಿಶ್ವವಿದ್ಯಾಲಯಕ್ಕೆ ಸಿಇಟಿಯ ಜೊತೆ ಅವರದ್ದೇ ಪೆಸ್ಯಾಟ್ ಪರೀಕ್ಷೆ ಇದೆ. ಸುರತ್ಕಲ್‌ನ ಎನ್‌ಐಟಿಗೆ ಜೆಇಇ ಮೇನ್ ಎಂಬ ರಾಷ್ಟ್ರಮಟ್ಟದ ಪರೀಕ್ಷೆ ಬೇಕು. ಐಐಟಿಗಳಿಗೂ ನಮ್ಮ ಐಐಎಸ್‌ಸಿಯ ಬಿಟೆಕ್‌ಗೂ ಅದರ ಮುಂದಿನ ಹಂತವಾದ ಜೆಇಇ ಅಡ್ವಾನ್ಸ್‌ಡ್ ಬೇಕು.

ಒಂದೇ ಕಾಲೇಜಿಗೆ ಎರಡು ಮೂರು ದಾರಿ ಇದ್ದರೆ ಒಂದೊಂದಕ್ಕೂ ಬೇರೆ ಲೆಕ್ಕ. ಸಿಇಟಿಯಲ್ಲಿ ಕಷ್ಟ ಎನಿಸಿದ ಸೀಟು ಕಾಮೆಡ್‌ಕೆಯಲ್ಲಿ ಸಿಗಬಹುದು. ಆದರೆ ಅದರ ಶುಲ್ಕ ಬಹಳ ಜಾಸ್ತಿ. ಆದ್ದರಿಂದ ಅದೇ ಸಾಲಿನಲ್ಲಿ ನಿಮ್ಮ ಕೈಲಿ ನಾಲ್ಕು ವರ್ಷ ಕಟ್ಟಲು ಆಗುವ ಮೊತ್ತವನ್ನೂ ಬರೆದುಬಿಡಿ. ಈ ಮಾತು ಮಗುವಿನ ಎದುರೇ ಆಗಲಿ. ಸೀಟು ಸಿಕ್ಕ ಮೇಲೆ ದುಡ್ಡಿಲ್ಲ ಎಂದು ಹೇಳಿದರೆ ಆ ಮಗುವಿಗೆ ಆಗುವ ನೋವು ದೊಡ್ಡದು.

ಇನ್ನೊಂದು ವಿಷಯ ಈಗಲೇ ನೋಡಿಕೊಳ್ಳಿ. ಸಿಇಟಿ ಸೀಟಿಗೆ ಸಾಮಾನ್ಯ ನಿಯಮ ಹೀಗಿದೆ: ಮಗು 1ರಿಂದ 12ನೇ ತರಗತಿಯ ನಡುವೆ ಕನಿಷ್ಠ 7 ವರ್ಷ ಕರ್ನಾಟಕದಲ್ಲಿ ಓದಿರಬೇಕು, ಮತ್ತು 10ನೇ ತರಗತಿ ಅಥವಾ 12ನೇ ತರಗತಿಯನ್ನು ಇಲ್ಲಿಯೇ ಪಾಸು ಮಾಡಿರಬೇಕು. ಬೇರೆ ರಾಜ್ಯದಿಂದ ವರ್ಗವಾಗಿ ಬಂದ ಕುಟುಂಬಗಳು ಇದನ್ನು ಕೊನೆಗೆ ಗಮನಿಸಿ ಒದ್ದಾಡುತ್ತವೆ. ನಿಮಗೆ ಈ ನಿಯಮ ಹೊಂದದಿದ್ದರೆ ಬೇರೆ ಉಪನಿಯಮಗಳಿವೆ. ಕೆಇಎ ಮಾಹಿತಿ ಪುಸ್ತಕದಲ್ಲಿ ಅವನ್ನು ಓದಿ.

ಎರಡನೆಯದು: ಪಿಯು ಮತ್ತು ಸಿಇಟಿ ಅಂಕ ಸೇರಿಸುವುದು

ಎಂಜಿನಿಯರಿಂಗ್ ರ್‍ಯಾಂಕ್‌ಗೆ ಭೌತಶಾಸ್ತ್ರ, ರಸಾಯನಶಾಸ್ತ್ರ, ಗಣಿತ ಈ ಮೂರು ವಿಷಯಗಳ 12ನೇ ತರಗತಿ ಅಂಕಕ್ಕೆ ಅರ್ಧ ತೂಕ. ಅದೇ ವಿಷಯಗಳ ಸಿಇಟಿ ಅಂಕಕ್ಕೆ ಇನ್ನರ್ಧ. ಪಿಯು 300ಕ್ಕೆ, ಸಿಇಟಿ 180ಕ್ಕೆ.

ಒಬ್ಬ ಹುಡುಗನಿಗೆ ಪಿಯುನಲ್ಲಿ 270 ಬಂದಿದೆ ಅಂದುಕೊಳ್ಳೋಣ. ಅದು 90 ಪರ್ಸೆಂಟ್, ಅರ್ಧ ಮಾಡಿದರೆ 45. ಸಿಇಟಿಯಲ್ಲಿ 108 ಬಂದರೆ 60 ಪರ್ಸೆಂಟ್, ಅರ್ಧ ಮಾಡಿದರೆ 30. ಒಟ್ಟು 75.

ಈಗ ಇದನ್ನು ಸ್ವಲ್ಪ ಅಲುಗಾಡಿಸಿ ನೋಡಿ. ಪಿಯುನಲ್ಲಿ 10 ಅಂಕ ಜಾಸ್ತಿ ಬಂದಿದ್ದರೆ ಒಟ್ಟಿಗೆ ಸೇರುತ್ತಿದ್ದದ್ದು 1.67. ಸಿಇಟಿಯಲ್ಲಿ 10 ಅಂಕ ಜಾಸ್ತಿ ಬಂದಿದ್ದರೆ 2.78. ಅಂದರೆ ಸಿಇಟಿಯ ಒಂದು ಅಂಕ ಪಿಯುವಿನ ಒಂದೂಮುಕ್ಕಾಲು ಅಂಕಕ್ಕೆ ಹತ್ತಿರ. ಬೆಂಗಳೂರಿನಲ್ಲಿ ಒಳ್ಳೆ ಕಾಲೇಜಿಗೆ ಆಸೆ ಪಡುವ ಮಕ್ಕಳಲ್ಲಿ ಬಹಳ ಜನರಿಗೆ ಪಿಯುನಲ್ಲಿ 90ರ ಮೇಲೆ ಬಂದೇ ಇರುತ್ತದೆ. ಅವರ ನಡುವೆ ವ್ಯತ್ಯಾಸ ಹುಟ್ಟುವುದು ಸಿಇಟಿಯಲ್ಲಿ. ಆದ್ದರಿಂದಲೇ 95 ಪರ್ಸೆಂಟ್ ಎಂದು ಕೇಳಿದ ತಕ್ಷಣ ನಾನು "ಸಿಇಟಿ ಎಷ್ಟಮ್ಮಾ?" ಎಂದು ಕೇಳುವುದು.

ಮಗು ಇನ್ನೂ ಪರೀಕ್ಷೆ ಬರೆಯಬೇಕಿದ್ದರೆ ಈ ಲೆಕ್ಕ ಇನ್ನೂ ಉಪಯೋಗಕ್ಕೆ ಬರುತ್ತದೆ. ಸಿಇಟಿಯಲ್ಲಿ ಪ್ರತಿ ವಿಷಯಕ್ಕೆ 60 ಪ್ರಶ್ನೆ, 80 ನಿಮಿಷ. ತಪ್ಪು ಉತ್ತರಕ್ಕೆ ಅಂಕ ಕಳೆಯುವುದಿಲ್ಲ. ಒಂದು ಪ್ರಶ್ನೆಯನ್ನೂ ಖಾಲಿ ಬಿಡಬಾರದು. ಜೆಇಇಗೆ ತಯಾರಾದ ಮಕ್ಕಳು ತಪ್ಪಿಗೆ ಅಂಕ ಕಳೆಯುವ ಅಲ್ಲಿನ ಅಭ್ಯಾಸದಿಂದ ಇಲ್ಲೂ ಖಾಲಿ ಬಿಟ್ಟು ಬರುತ್ತಾರೆ. ಅವರಿಗೆ ಇದನ್ನು ಮತ್ತೆ ಮತ್ತೆ ಹೇಳಬೇಕು.

ಸಿಬಿಎಸ್‌ಇ, ಐಸಿಎಸ್‌ಇ ಮಕ್ಕಳು ತಮ್ಮ 12ನೇ ತರಗತಿ ಅಂಕವನ್ನು ಕೆಇಎ ಪೋರ್ಟಲ್‌ನಲ್ಲಿ ತಾವೇ ನಮೂದಿಸಬೇಕು. ಅಂಕ ಹಾಕದಿದ್ದರೆ ರ್‍ಯಾಂಕ್ ಬರುವುದಿಲ್ಲ.

ಮೂರನೆಯದು: ಅಂಕದಿಂದ ರ್‍ಯಾಂಕ್ ಅಂದಾಜು

ಇಲ್ಲಿ ಹುಷಾರಾಗಿರಬೇಕು. ಒಟ್ಟು 75 ಬಂದರೆ ಇಂಥದ್ದೇ ರ್‍ಯಾಂಕ್ ಎಂದು ಹೇಳುವ ಸೂತ್ರ ಇಲ್ಲ. ಮಿಕ್ಕವರಿಗೆ ಎಷ್ಟು ಬಂದಿದೆ ಎನ್ನುವುದರ ಮೇಲೆ ಅದು ನಿಂತಿದೆ. 2024ರಲ್ಲಿ ಪಠ್ಯದಲ್ಲಿಲ್ಲದ ಪ್ರಶ್ನೆಗಳು ಬಂದು ದೊಡ್ಡ ಗಲಾಟೆ ಆಯಿತು. ಕೊನೆಗೆ 50 ಪ್ರಶ್ನೆಗಳನ್ನು ಮೌಲ್ಯಮಾಪನದಿಂದ ಬಿಟ್ಟರು. ಆ ವರ್ಷದ ಅಂಕವನ್ನು ಬೇರೆ ವರ್ಷದ ಅಂಕದ ಪಕ್ಕ ಇಟ್ಟು ನೋಡಿದರೆ ಏನೂ ಅರ್ಥವಾಗುವುದಿಲ್ಲ. 2021ರಲ್ಲಿ ಕೋವಿಡ್ ಕಾರಣಕ್ಕೆ ಪಿಯು ಅಂಕವನ್ನೇ ಲೆಕ್ಕಕ್ಕೆ ತೆಗೆದುಕೊಳ್ಳದೆ ಸಿಇಟಿ ಅಂಕದ ಮೇಲಷ್ಟೇ ರ್‍ಯಾಂಕ್ ಕೊಟ್ಟಿದ್ದರು. ಹಳೆಯ ಪಟ್ಟಿ ನೋಡುವಾಗ ಆ ವರ್ಷವನ್ನು ಬಿಟ್ಟುಬಿಡಿ.

ಹಾಗಾದರೆ ರ್‍ಯಾಂಕ್ ಬರುವ ಮುಂಚೆ ಏನು ಮಾಡಬೇಕು? ಇಂಟರ್ನೆಟ್‌ನಲ್ಲಿ ರ್‍ಯಾಂಕ್ ಹೇಳುವ ಪುಟಗಳು ಬೇಕಾದಷ್ಟಿವೆ. ಅವುಗಳಿಗಿಂತ ನಾನು ನಂಬುವುದು ನಿಮ್ಮ ಮಗುವಿನ ಕಾಲೇಜಿನ ಸೀನಿಯರ್‌ಗಳನ್ನು. ಹೋದ ವರ್ಷ ಬರೆದ ಹತ್ತು ಮಕ್ಕಳನ್ನು ಕೇಳಿ: ಪಿಯು ಎಷ್ಟು, ಸಿಇಟಿ ಎಷ್ಟು, ರ್‍ಯಾಂಕ್ ಎಷ್ಟು. ಮೂರು ಕಾಲಂ ಮಾಡಿ ಬರೆದುಕೊಳ್ಳಿ. ನಿಮ್ಮ ಮಗುವಿನ ಒಟ್ಟು ಅಂಕ ಯಾವ ಇಬ್ಬರ ನಡುವೆ ಬೀಳುತ್ತದೆ ನೋಡಿ. ಸಿಗುವ ಉತ್ತರ ಒಂದು ಸಂಖ್ಯೆ ಆಗಿರುವುದಿಲ್ಲ, ಇಷ್ಟರಿಂದ ಇಷ್ಟು ಎನ್ನುವ ಅಂದಾಜು ಆಗಿರುತ್ತದೆ. ಅದೇ ಸಾಕು. ರ್‍ಯಾಂಕ್ ಬಂದ ದಿನ ಅಂದಾಜನ್ನು ಎಸೆದು ನಿಜವಾದ ಸಂಖ್ಯೆ ಹಿಡಿದುಕೊಳ್ಳಿ.

ಮಗು ಇನ್ನೂ ಬರೆದೇ ಇಲ್ಲ ಎಂದರೆ ಹಳೆಯ ಮೂರು ವರ್ಷದ ಪ್ರಶ್ನೆಪತ್ರಿಕೆ ತೆಗೆದು, ಗಡಿಯಾರ ಇಟ್ಟು, ಪರೀಕ್ಷೆಯ ಹಾಗೇ ಬರೆಸಿ. ಸಿಕ್ಕಿದ ಮೂರು ಅಂಕಗಳಲ್ಲಿ ಅತಿ ಹೆಚ್ಚಿನದನ್ನು ಹಿಡಿದು ಲೆಕ್ಕ ಹಾಕಬೇಡಿ. ನಡುವಿನದನ್ನು ಹಿಡಿಯಿರಿ.

ನಾಲ್ಕನೆಯದು: ಕಟಾಫ್ ಪಟ್ಟಿ ಓದುವುದು

ಇದೇ ಇಡೀ ಕೆಲಸದ ತಿರುಳು. ನಿಧಾನವಾಗಿ ಓದಿ.

ಕೆಇಎ ಪ್ರತಿ ರೌಂಡ್ ಆದ ಮೇಲೆ ಕಟಾಫ್ ಪಟ್ಟಿ ಹಾಕುತ್ತದೆ. ಪ್ರತಿ ಕಾಲೇಜಿಗೆ ಒಂದು ಕೋಡ್, ಅದರ ಕೆಳಗೆ ಬ್ರಾಂಚ್‌ಗಳು, ಅಡ್ಡಕ್ಕೆ ಕೆಟಗರಿಗಳು. ಪಟ್ಟಿಯ ಒಂದು ಚೌಕದಲ್ಲಿರುವ ಸಂಖ್ಯೆ ಎಂದರೆ ಆ ಕಾಲೇಜು, ಆ ಬ್ರಾಂಚ್, ಆ ಕೆಟಗರಿಯಲ್ಲಿ ಕೊನೆಯ ಸೀಟು ಪಡೆದವರ ರ್‍ಯಾಂಕ್.

ಕೆಟಗರಿ ಕೋಡ್‌ಗಳನ್ನು ನೋಡಿ ಹೆದರಬೇಡಿ. ಜಿಎಂ ಎಂದರೆ ಸಾಮಾನ್ಯ ವರ್ಗ. 1, 2ಎ, 2ಬಿ, 3ಎ, 3ಬಿ, ಎಸ್‌ಸಿ, ಎಸ್‌ಟಿ ಗೊತ್ತೇ ಇದೆ. ಇವುಗಳ ಕೊನೆಗೆ ಒಂದು ಅಕ್ಷರ ಅಂಟಿರುತ್ತದೆ. ಜಿ ಎಂದರೆ ಆ ವರ್ಗದೊಳಗಿನ ಸಾಮಾನ್ಯ ಸೀಟು. ಆರ್ ಎಂದರೆ ಗ್ರಾಮೀಣ, ಅಂದರೆ 1ರಿಂದ 10ರವರೆಗೆ ಗ್ರಾಮೀಣ ಪ್ರದೇಶದಲ್ಲಿ ಓದಿದವರಿಗೆ. ಕೆ ಎಂದರೆ 1ರಿಂದ 10ರವರೆಗೆ ಕನ್ನಡ ಮಾಧ್ಯಮದಲ್ಲಿ ಓದಿದವರಿಗೆ. ಎಚ್ ಎಂದರೆ ಕಲ್ಯಾಣ ಕರ್ನಾಟಕದವರಿಗೆ, ಸಂವಿಧಾನದ 371ಜೆ ವಿಧಿಯ ಅಡಿಯಲ್ಲಿ ಬರುವುದು.

ಆರ್ ಮತ್ತು ಕೆ ಸಾಮಾನ್ಯ ವರ್ಗದವರಿಗೂ ಇವೆ ಎನ್ನುವುದು ಬಹಳ ಜನಕ್ಕೆ ಗೊತ್ತಿಲ್ಲ. ಮಾಗಡಿ, ಕನಕಪುರ ಕಡೆಯ ಹಳ್ಳಿ ಶಾಲೆಯಲ್ಲಿ ಹತ್ತನೇ ತರಗತಿವರೆಗೆ ಓದಿ, ಪಿಯುಗೆ ಬೆಂಗಳೂರಿಗೆ ಬಂದ ಮಕ್ಕಳು ಎಷ್ಟೋ ಮಂದಿ ಇದ್ದಾರೆ. ಅವರ ಮನೆಯವರು ಜಿಎಂ ಕಾಲಂ ಒಂದನ್ನೇ ನೋಡಿ ಸಿಗಲ್ಲ ಎಂದು ಕೈಬಿಡುತ್ತಾರೆ. ಕನ್ನಡ ಮಾಧ್ಯಮದ ಮಕ್ಕಳ ಕಥೆಯೂ ಅಷ್ಟೇ. ಅವರ ಹಕ್ಕಿನ ಸೀಟು ಅದು, ಬಿಡಬಾರದು. ಕಲಬುರಗಿ, ರಾಯಚೂರು ಕಡೆಯಿಂದ ಬಂದು ಇಲ್ಲಿ ನೆಲೆಸಿದವರು 371ಜೆ ಅರ್ಹತಾ ಪತ್ರ ಸಿಗುತ್ತದಾ ಎಂದು ಊರಿನ ಸಹಾಯಕ ಆಯುಕ್ತರ ಕಚೇರಿಯಲ್ಲಿ ವಿಚಾರಿಸಿ. ಇವೆಲ್ಲಕ್ಕೂ ಅರ್ಜಿ ಹಾಕುವಾಗಲೇ ಹಕ್ಕು ಹೇಳಿಕೊಂಡಿರಬೇಕು. ಪ್ರಮಾಣಪತ್ರ ಕೈಯಲ್ಲಿರಬೇಕು.

ಮೀಸಲಾತಿ ಇರುವ ಮಗು ಎರಡು ಕಾಲಂ ನೋಡಬೇಕು: ಜಿಎಂ ಮತ್ತು ತನ್ನದು. ರ್‍ಯಾಂಕ್ ಚೆನ್ನಾಗಿದ್ದರೆ 2ಎ ಮಗುವಿಗೆ ಜಿಎಂ ಸೀಟೇ ಸಿಗುತ್ತದೆ.

ಎಸ್‌ಎನ್‌ಕ್ಯೂ ಎಂಬುದೂ ಒಂದಿದೆ. ಕುಟುಂಬದ ವಾರ್ಷಿಕ ಆದಾಯ 8 ಲಕ್ಷಕ್ಕಿಂತ ಕಡಿಮೆ ಇರುವವರಿಗೆ ಬೋಧನಾ ಶುಲ್ಕ ಇಲ್ಲದ ಸೀಟುಗಳಿವು. ಇದ್ದ ಸೀಟುಗಳ ಮೇಲೆ 5 ಪರ್ಸೆಂಟ್ ಹೆಚ್ಚುವರಿಯಾಗಿ ಕೊಡುತ್ತಾರೆ. ಆದಾಯ ಪ್ರಮಾಣಪತ್ರದ ಆರ್‌ಡಿ ಸಂಖ್ಯೆ ಬೇಕಾಗುತ್ತದೆ. ನಾಡಕಚೇರಿಯಿಂದ ಮುಂಚೆಯೇ ಮಾಡಿಸಿಡಿ.

ಇನ್ನು ಬ್ರಾಂಚ್. ಕಾಲೇಜಿನ ಹೆಸರಿಗೆ ಕಟಾಫ್ ಇಲ್ಲ, ಬ್ರಾಂಚ್‌ಗೆ ಇದೆ. ಆರ್‌ವಿಯಲ್ಲಿ ಕಂಪ್ಯೂಟರ್ ಸೈನ್ಸ್ ಜಿಎಂ ಸೀಟು ಕೆಲವೇ ನೂರು ರ್‍ಯಾಂಕ್‌ಗೆ ಮುಗಿದುಹೋಗುತ್ತದೆ. ಅದೇ ಕಾಲೇಜಿನ ಸಿವಿಲ್, ಮೆಕ್ಯಾನಿಕಲ್ ಹಲವು ಸಾವಿರ ರ್‍ಯಾಂಕ್ ದಾಟಿಯೂ ಸಿಗುತ್ತವೆ. "ಆರ್‌ವಿ ಸಿಗುತ್ತಾ" ಎನ್ನುವ ಪ್ರಶ್ನೆಗೆ ಈ ಕಾರಣಕ್ಕೇ ಒಂದು ಉತ್ತರ ಇಲ್ಲ.

ಐದನೆಯದು: ಮೂರು ಗುಂಪು ಮಾಡುವುದು

ಬೇಕಾದ ಪ್ರತಿ ಕಾಲೇಜು ಮತ್ತು ಬ್ರಾಂಚ್‌ಗೆ ಹಿಂದಿನ ಮೂರು ವರ್ಷದ ಕಟಾಫ್ ಬರೆದುಕೊಳ್ಳಿ. ಮೊದಲ ರೌಂಡ್‌ದೂ ಬೇಕು, ಕೊನೆಯ ರೌಂಡ್‌ದೂ ಬೇಕು.

ಲೆಕ್ಕಕ್ಕಾಗಿ ಒಂದು ಉದಾಹರಣೆ ಕಲ್ಪಿಸಿಕೊಳ್ಳೋಣ. ಒಂದು ಬ್ರಾಂಚ್‌ನ ಎರಡನೇ ರೌಂಡ್ ಕಟಾಫ್ ಮೂರು ವರ್ಷದಲ್ಲಿ 6,200, 7,100, 6,700 ಆಗಿತ್ತು. ನಿಮ್ಮ ಮಗುವಿನ ರ್‍ಯಾಂಕ್ 5,500 ಆಗಿದ್ದರೆ ಮೂರು ವರ್ಷವೂ ಸೀಟು ಸಿಗುತ್ತಿತ್ತು. ಇದು 'ಸಿಗುತ್ತದೆ' ಗುಂಪಿಗೆ. 6,500 ಆಗಿದ್ದರೆ ಎರಡು ವರ್ಷ ಸಿಗುತ್ತಿತ್ತು, ಒಂದು ವರ್ಷ ಇಲ್ಲ. ಇದು 'ಸಿಗಬಹುದು'. 8,500 ಆಗಿದ್ದರೆ ಯಾವ ವರ್ಷವೂ ಇಲ್ಲ. ಇದು 'ಕಷ್ಟ'. 6,150 ಬಂದರೆ? ನಾನಾದರೆ 'ಸಿಗಬಹುದು' ಗುಂಪಿಗೇ ಹಾಕುತ್ತೇನೆ. ಅಂಚಿನಲ್ಲಿರುವುದನ್ನು ಖಾತ್ರಿ ಎಂದುಕೊಂಡು ಕೂತ ಮನೆಗಳಲ್ಲೇ ಸೀಟು ಹಂಚಿಕೆಯ ಸಮಯದಲ್ಲಿ ಕಣ್ಣೀರು ಬರುವುದು.

ಕೊನೆಯ ರೌಂಡ್‌ನ ಸಂಖ್ಯೆಗಳನ್ನು ಪೂರ್ತಿ ನಂಬಬೇಡಿ. ಜೆಇಇ, ಕಾಮೆಡ್‌ಕೆ ಕಡೆ ಹೋದವರು ಬಿಟ್ಟ ಸೀಟುಗಳು ಆಗ ಬರುತ್ತವೆ. ಅವು ಒಂದು ವರ್ಷ ಜಾಸ್ತಿ, ಇನ್ನೊಂದು ವರ್ಷ ಬೆರಳೆಣಿಕೆ. ಎರಡು ಮೂರು ಸೀಟಷ್ಟೇ ಇರುವ ಕೆಟಗರಿಗಳಲ್ಲೂ ಹೀಗೇ. ಒಬ್ಬ ವಿದ್ಯಾರ್ಥಿ ಬಿಟ್ಟರೆ ಕಟಾಫ್ ಎಷ್ಟೋ ಸಾವಿರ ಜಿಗಿಯುತ್ತದೆ. ಅಂಥ ಕಡೆ ಮೂರೂ ವರ್ಷ ನೋಡಿ, ಅತಿ ಬಿಗಿಯಾದ ವರ್ಷವನ್ನು ಮನಸ್ಸಿನಲ್ಲಿಟ್ಟುಕೊಳ್ಳಿ.

ಈ ವರ್ಷದ ಸೀಟುಗಳ ಸಂಖ್ಯೆಯನ್ನೂ ನೋಡಬೇಕು. ತಾಂತ್ರಿಕ ಶಿಕ್ಷಣದ ಕೇಂದ್ರ ಮಂಡಳಿಯಾದ ಎಐಸಿಟಿಇ 2024-25ರಿಂದ ಒಳ್ಳೆಯ ಸಾಧನೆ ಇರುವ ಕಾಲೇಜುಗಳಿಗೆ ಒಂದು ಬ್ರಾಂಚ್‌ನ ಸೀಟುಗಳ ಮೇಲಿದ್ದ ಮಿತಿ ತೆಗೆದಿದೆ. ಕಂಪ್ಯೂಟರ್ ಸೈನ್ಸ್, ಎಐ ಕಡೆ ಸೀಟು ಹೆಚ್ಚಿದ ಕಾಲೇಜುಗಳಲ್ಲಿ ಹಳೆಯ ಕಟಾಫ್‌ಗಿಂತ ಸಡಿಲವಾಗಬಹುದು. ಕೌನ್ಸೆಲಿಂಗ್‌ಗೆ ಮುಂಚೆ ಕೆಇಎ ಹಾಕುವ ಸೀಟ್ ಮ್ಯಾಟ್ರಿಕ್ಸ್, ಅಂದರೆ ಎಲ್ಲಿ ಎಷ್ಟು ಸೀಟು ಎನ್ನುವ ಪಟ್ಟಿ, ತೆಗೆದು ಹೋದ ವರ್ಷದ್ದರ ಜೊತೆ ಹೋಲಿಸಿ. ಹೊಸದಾಗಿ ಶುರುವಾದ ಬ್ರಾಂಚ್‌ಗೆ ಹಳೆಯ ಕಟಾಫ್ ಇರುವುದೇ ಇಲ್ಲ. ಅದನ್ನು 'ಸಿಗಬಹುದು' ಗುಂಪಿನಲ್ಲಿಡಿ.

'ಸಿಗುತ್ತದೆ' ಗುಂಪಿನಲ್ಲಿ ಮಗು ನಿಜವಾಗಿ ಸಂತೋಷದಿಂದ ಸೇರುವಂಥ ಹೆಸರುಗಳು ಇರಬೇಕು. ಇದು ನನಗೆ ತುಂಬಾ ಮುಖ್ಯ ಅನಿಸುತ್ತದೆ. ಸುಮ್ನೆ ಪಟ್ಟಿ ತುಂಬಿಸಲು ಹಾಕಿದ ಕಾಲೇಜು ಬಂದರೆ ಮಗು ಮೊದಲ ದಿನದಿಂದಲೇ ಸೋತ ಮನಸ್ಸಿನಲ್ಲಿ ಹೋಗುತ್ತದೆ. ಆದ್ದರಿಂದ ರ್‍ಯಾಂಕ್ ಬರುವ ಮುಂಚೆ ಒಂದೆರಡು ಶನಿವಾರ ಆ ಕಾಲೇಜುಗಳಿಗೇ ಹೋಗಿ ಬನ್ನಿ. ಲ್ಯಾಬ್ ನೋಡಿ. ಕ್ಯಾಂಟೀನ್ ಹತ್ತಿರ ಮೂರನೇ ವರ್ಷದ ಮಕ್ಕಳನ್ನು ಮಾತಾಡಿಸಿ, "ಈ ಬ್ರಾಂಚ್‌ಗೆ ಪಾಠ ಯಾರು ಮಾಡ್ತಾರೆ, ಕಳೆದ ವರ್ಷ ಎಷ್ಟು ಜನಕ್ಕೆ ಕೆಲಸ ಸಿಕ್ಕಿತು" ಎಂದು ಕೇಳಿ. ಓಡಾಟವನ್ನೂ ನೋಡಿ. ವೈಟ್‌ಫೀಲ್ಡ್‌ನಿಂದ ಮೈಸೂರು ರಸ್ತೆಗೆ ಈಗ ನೇರಳೆ ಮಾರ್ಗದಲ್ಲಿ ರೈಲು ಬದಲಿಸದೆ ಬರಬಹುದು. ಆದರೂ ಅದು ಊರಿನ ಈ ತುದಿಯಿಂದ ಆ ತುದಿ. ನಾಲ್ಕು ವರ್ಷ ದಿನಾ ಮಾಡಬೇಕಾದ ಪ್ರಯಾಣ.

ಕೆ.ಆರ್. ಸರ್ಕಲ್‌ನ ಯುವಿಸಿಇ ಬಗ್ಗೆ ಒಂದು ಮಾತು. ಸರ್ ಎಂ. ವಿಶ್ವೇಶ್ವರಯ್ಯನವರು 1917ರಲ್ಲಿ ಶುರು ಮಾಡಿಸಿದ ಕಾಲೇಜು ಅದು. ಶುಲ್ಕ ಖಾಸಗಿಗಿಂತ ಎಷ್ಟೋ ಕಡಿಮೆ. ಹೊಳೆಯುವ ಕಟ್ಟಡ ಹುಡುಕುವವರು ಅದನ್ನು ಪಟ್ಟಿಯಲ್ಲೇ ಬರೆಯುವುದಿಲ್ಲ. ದುಡ್ಡಿನ ಚಿಂತೆ ಇರುವ ಮನೆಯವರು ದಯವಿಟ್ಟು ಬರೆಯಿರಿ.

ಆರನೆಯದು: ಆಪ್ಷನ್ ಎಂಟ್ರಿ

ಬೇಕಾದ ಕಾಲೇಜು, ಬ್ರಾಂಚ್‌ಗಳನ್ನು ಒಂದರ ಕೆಳಗೊಂದು ಕೆಇಎ ಪೋರ್ಟಲ್‌ನಲ್ಲಿ ತುಂಬುವುದೇ ಆಪ್ಷನ್ ಎಂಟ್ರಿ. ಇಷ್ಟು ಲೆಕ್ಕ ಹಾಕಿದವರೂ ಇಲ್ಲಿ ಎಡವುತ್ತಾರೆ. 'ಕಷ್ಟ' ಗುಂಪಿನ ಕಾಲೇಜನ್ನು ಮೇಲೆ ಹಾಕಿದರೆ ಕೆಳಗಿನದು ಕೈತಪ್ಪುತ್ತದೆ ಎಂದು ಹೆದರಿ, ಸಿಗುವಂಥದ್ದನ್ನೇ ಮೊದಲು ಹಾಕುತ್ತಾರೆ. ಹಾಗೆ ಆಗುವುದಿಲ್ಲ. ಕಂಪ್ಯೂಟರ್ ರ್‍ಯಾಂಕ್ ಪ್ರಕಾರ ಒಬ್ಬೊಬ್ಬರನ್ನೇ ತೆಗೆದುಕೊಳ್ಳುತ್ತದೆ. ನಿಮ್ಮ ಮಗುವಿನ ಸರದಿ ಬಂದಾಗ ಪಟ್ಟಿಯ ಮೇಲಿನಿಂದ ಕೆಳಗೆ ನೋಡುತ್ತಾ ಬರುತ್ತದೆ. ಮೊದಲನೆಯದು ಖಾಲಿ ಇದ್ದರೆ ಕೊಡುತ್ತದೆ. ಇಲ್ಲದಿದ್ದರೆ ಎರಡನೆಯದು, ಮೂರನೆಯದು, ಹೀಗೆ. ಮೇಲೆ ಸಿಗದ ಹೆಸರುಗಳು ಎಷ್ಟಿದ್ದರೂ ಕೆಳಗಿನದಕ್ಕೆ ನಷ್ಟವಿಲ್ಲ. ಆದ್ದರಿಂದ ಆಸೆಯ ಪ್ರಕಾರವೇ ಬರೆಯಿರಿ. ಎಲ್ಲಕ್ಕಿಂತ ಇಷ್ಟವಾದದ್ದು ಮೊದಲು. ಮೂರು ಗುಂಪಿನ ಲೆಕ್ಕ ಇಲ್ಲಿ ಬೇಕಾಗುವುದು ಪಟ್ಟಿ ಎಲ್ಲಿವರೆಗೆ ಉದ್ದ ಇರಬೇಕು ಎಂದು ತಿಳಿಯಲು. 'ಸಿಗುತ್ತದೆ' ಗುಂಪಿನವು ಕೆಳಗೆ ಸಾಕಷ್ಟು ಇರಲೇಬೇಕು. ಬೇಡವೇ ಬೇಡ ಎನ್ನುವ ಕಾಲೇಜನ್ನು ಮಾತ್ರ ಹಾಕಬೇಡಿ, ಅದು ಬಂದರೂ ಬರಬಹುದು.

ಆಮೇಲೆ ಮಾಕ್ ಅಲಾಟ್‌ಮೆಂಟ್ ಬರುತ್ತದೆ. ಅದು ಅಭ್ಯಾಸಕ್ಕೆ ಮಾಡುವ ಸೀಟು ಹಂಚಿಕೆ ಅಷ್ಟೇ. ಅದನ್ನು ನೋಡಿ ಎಲ್ಲರೂ ಪಟ್ಟಿ ಬದಲಿಸುತ್ತಾರೆ, ಅಲ್ವಾ? ಹಾಗಾಗಿ ಮೊದಲ ರೌಂಡ್‌ನಲ್ಲಿ ಅದೇ ಬರುತ್ತದೆ ಎಂದೇನಿಲ್ಲ. ಪಟ್ಟಿಯಲ್ಲಿ ಕೋಡ್ ತಪ್ಪಿದೆಯಾ, ಪಟ್ಟಿ ಚಿಕ್ಕದಾಯಿತಾ ಎಂದು ನೋಡಿಕೊಳ್ಳಲು ಅದನ್ನು ಬಳಸಿ.

ಸೀಟು ಬಂದಾಗ ನಾಲ್ಕು ಚಾಯ್ಸ್ ಇರುತ್ತವೆ. ಚಾಯ್ಸ್ 1, ಸೀಟು ಒಪ್ಪಿಗೆ, ಶುಲ್ಕ ಕಟ್ಟಿ ಸೇರುತ್ತೇನೆ. ಚಾಯ್ಸ್ 2, ಇದು ಇರಲಿ, ಪಟ್ಟಿಯಲ್ಲಿ ಇದಕ್ಕಿಂತ ಮೇಲಿನದು ಸಿಕ್ಕರೆ ಅದು ಬೇಕು. ಮೇಲಿನದು ಸಿಕ್ಕ ತಕ್ಷಣ ಹಳೆಯದು ತಾನಾಗಿಯೇ ಹೋಗುತ್ತದೆ. ಚಾಯ್ಸ್ 3, ಈ ಸೀಟು ಬೇಡ, ಮುಂದಿನ ರೌಂಡ್ ನೋಡುತ್ತೇನೆ. ಚಾಯ್ಸ್ 4, ಹೊರಗೆ ಹೋಗುತ್ತೇನೆ. ಚಾಯ್ಸ್ 3 ಒತ್ತುವ ಮುಂಚೆ ನಿಮ್ಮ ಮೂರು ಗುಂಪನ್ನು ಇನ್ನೊಮ್ಮೆ ತೆಗೆದು ನೋಡಿ. ಕೈಯಲ್ಲಿರುವುದು ಹೋಗುತ್ತದೆ, ಮುಂದೆ ಬರುವುದಕ್ಕೆ ಭರವಸೆ ಇಲ್ಲ. ಬಹುತೇಕ ಮಕ್ಕಳಿಗೆ ನಾನು ಚಾಯ್ಸ್ 2 ಹೇಳುತ್ತೇನೆ. ಯಾವ ಚಾಯ್ಸ್‌ಗೆ ಎಷ್ಟು ಹಣ, ಯಾವ ದಿನದೊಳಗೆ ಎನ್ನುವುದನ್ನು ಆ ವರ್ಷದ ಕೆಇಎ ಸೂಚನೆಯಲ್ಲಿ ಓದಿಯೇ ಒತ್ತಿ.

ಜೆಇಇ ಬರೆದವರಿಗೆ

ಇಲ್ಲಿ ಅಂಕಕ್ಕಿಂತ ಪರ್ಸೆಂಟೈಲ್ ಮಾತು ಜಾಸ್ತಿ. 99 ಪರ್ಸೆಂಟೈಲ್ ಎಂದರೆ ಬರೆದ ನೂರರಲ್ಲಿ 99 ಜನ ನಿಮ್ಮ ಹಿಂದೆ ಅಥವಾ ಸಮಕ್ಕೆ ಇದ್ದಾರೆ ಎಂದು. ಕೇಳಲು ದೊಡ್ಡದು. ಆದರೆ 2024ರಲ್ಲಿ ಜೆಇಇ ಮೇನ್ ಬರೆದವರು 14 ಲಕ್ಷಕ್ಕೂ ಜಾಸ್ತಿ. ಅದರಲ್ಲಿ ಒಂದು ಪರ್ಸೆಂಟ್ ಎಂದರೇನೇ 14 ಸಾವಿರ ಜನ ಮುಂದಿದ್ದಾರೆ. 98 ಎಂದರೆ 28 ಸಾವಿರ. ಪರ್ಸೆಂಟೈಲನ್ನು ಹೀಗೆ ರ್‍ಯಾಂಕ್‌ಗೆ ಬದಲಿಸಿಕೊಂಡು, ಐಐಟಿ, ಎನ್‌ಐಟಿ ಸೀಟು ಹಂಚುವ ಜೋಸಾ ವೆಬ್‌ಸೈಟ್‌ನಲ್ಲಿರುವ ಹಳೆಯ ಕ್ಲೋಸಿಂಗ್ ರ್‍ಯಾಂಕ್ (ಅಲ್ಲಿನ ಕಟಾಫ್) ಜೊತೆ ಹೋಲಿಸಿ. ಸುರತ್ಕಲ್‌ಗೆ ನೋಡುವಾಗ ಹೋಂ ಸ್ಟೇಟ್ ಸಾಲನ್ನು ನೋಡಿ, ಅಲ್ಲಿ ಅರ್ಧ ಸೀಟು ನಮ್ಮ ರಾಜ್ಯದಲ್ಲಿ 12ನೇ ತರಗತಿ ಓದಿದವರಿಗೆ.

2ಎ, 3ಬಿ ಇವೆಲ್ಲ ಇಲ್ಲಿ ನಡೆಯುವುದಿಲ್ಲ. ಕೇಂದ್ರದ ಒಬಿಸಿ ಪಟ್ಟಿ ಬೇರೆ. ನಿಮ್ಮ ಜಾತಿ ಆ ಪಟ್ಟಿಯಲ್ಲಿದೆಯಾ ನೋಡಿ, ಇದ್ದರೆ ಕೇಂದ್ರದ ನಮೂನೆಯಲ್ಲೇ ಪ್ರಮಾಣಪತ್ರ ಮಾಡಿಸಿ. ಎನ್‌ಐಟಿ, ಐಐಟಿಗೆ 12ನೇ ತರಗತಿಯಲ್ಲಿ 75 ಪರ್ಸೆಂಟ್ ಅಥವಾ ಬೋರ್ಡ್‌ನ ಮೇಲಿನ 20 ಪರ್ಸೆಂಟೈಲ್‌ನಲ್ಲಿ ಇರಬೇಕು. ಎಸ್‌ಸಿ, ಎಸ್‌ಟಿಗೆ 65 ಪರ್ಸೆಂಟ್. ಕೋಚಿಂಗ್ ಹಿಂದೆ ಬಿದ್ದು ಪಿಯು ಪಾಠ ಬಿಟ್ಟ ಮಕ್ಕಳು ಇಲ್ಲೂ ಪೆಟ್ಟು ತಿನ್ನುತ್ತಾರೆ, ಸಿಇಟಿಯ ಅರ್ಧ ತೂಕದಲ್ಲೂ ತಿನ್ನುತ್ತಾರೆ.

ಕಾಮೆಡ್‌ಕೆ ಲೆಕ್ಕ ಸುಲಭ. 180 ಪ್ರಶ್ನೆ, 3 ಗಂಟೆ, ತಪ್ಪಿಗೆ ಅಂಕ ಕಳೆಯುವುದಿಲ್ಲ. ರ್‍ಯಾಂಕ್‌ಗೆ ಪಿಯು ಅಂಕ ಸೇರುವುದಿಲ್ಲ. ಪಿಯುನಲ್ಲಿ ಸ್ವಲ್ಪ ಹಿಂದೆ ಬಿದ್ದು ಆಮೇಲೆ ಚೇತರಿಸಿಕೊಂಡ ಮಗುವಿಗೆ ಇದು ಒಳ್ಳೆಯ ಅವಕಾಶ, ಶುಲ್ಕ ಹೊಂದಿದರೆ. ಕಾನೂನು ಓದುವ ಆಸೆ ಇದ್ದವರು ನಾಗರಭಾವಿಯ ನ್ಯಾಷನಲ್ ಲಾ ಸ್ಕೂಲ್‌ನಲ್ಲಿ ಕರ್ನಾಟಕದ ವಿದ್ಯಾರ್ಥಿಗಳಿಗೆ 25 ಪರ್ಸೆಂಟ್ ಮೀಸಲು ಇರುವುದನ್ನು ಗಮನಿಸಿ. ಕಾನೂನು ಪ್ರವೇಶ ಪರೀಕ್ಷೆಯಾದ ಕ್ಲ್ಯಾಟ್ ರ್‍ಯಾಂಕ್ ನೋಡುವಾಗ ಆ ಸಾಲಿನ ಕಟಾಫ್ ಹುಡುಕಿ.

ಎರಡು ಮೂರು ಕಡೆ ಕೌನ್ಸೆಲಿಂಗ್ ಒಟ್ಟಿಗೆ ನಡೆಯುವಾಗ ದಿನಾಂಕಗಳು ಒಂದರ ಮೇಲೊಂದು ಬೀಳುತ್ತವೆ. ಗೋಡೆಯ ಕ್ಯಾಲೆಂಡರ್‌ನಲ್ಲಿ ಸಿಇಟಿ, ಜೋಸಾ, ಕಾಮೆಡ್‌ಕೆ ಮೂರಕ್ಕೂ ಬೇರೆ ಬೇರೆ ಬಣ್ಣದಲ್ಲಿ ಗುರುತು ಹಾಕಿ. ಒಂದು ಕಡೆ ಕಟ್ಟಿದ ಶುಲ್ಕ ಸೀಟು ಬಿಟ್ಟರೆ ಎಷ್ಟು ವಾಪಸ್ ಬರುತ್ತದೆ, ಯಾವ ದಿನದೊಳಗೆ ರದ್ದು ಮಾಡಬೇಕು ಎನ್ನುವುದನ್ನೂ ಅಲ್ಲೇ ಬರೆಯಿರಿ. ಮೂಲ ಅಂಕಪಟ್ಟಿ ಒಂದು ಕಾಲೇಜಿಗೆ ಕೊಟ್ಟ ಮೇಲೆ ಇನ್ನೊಂದಕ್ಕೆ ಬೇಕಾದರೆ ವಾಪಸ್ ತರಲು ಓಡಾಡಬೇಕಾಗುತ್ತದೆ. ಕೊಡುವ ಮುಂಚೆ ಎಲ್ಲ ದಾಖಲೆಗಳ ನಾಲ್ಕೈದು ಸೆಟ್ ಜೆರಾಕ್ಸ್ ಮಾಡಿಸಿ, ಸ್ಕ್ಯಾನ್ ಮಾಡಿ ಫೋನ್‌ನಲ್ಲೂ ಇಟ್ಟುಕೊಳ್ಳಿ. ಪೋರ್ಟಲ್‌ನಲ್ಲಿ ಕೆಟಗರಿ ತಪ್ಪು ಕಂಡರೆ ತಿದ್ದುಪಡಿಗೆ ಕೊಟ್ಟಿರುವ ದಿನಗಳಲ್ಲೇ ಸರಿಪಡಿಸಿ. ಆಗದಿದ್ದರೆ ದಾಖಲೆ ಹಿಡಿದು ಮಲ್ಲೇಶ್ವರ 18ನೇ ಕ್ರಾಸ್‌ನ ಕೆಇಎ ಕಚೇರಿಗೆ ಬೆಳಿಗ್ಗೆಯೇ ಹೋಗಿ, ಆಪ್ಷನ್ ಎಂಟ್ರಿ ಮುಗಿಯುವವರೆಗೆ ಕಾಯಬೇಡಿ.